ಕಂಪ್ಯೂಟರ್ ಯಾಕೆ ಮುನಿಸಿಕೊಂಡಿತು?

ನಮ್ಮನೆಯ ಕಂಪ್ಯೂಟರ್ ಮಗ ಕಾಲೇಜಿನಲ್ಲಿದ್ದಾಗ ಕೊಂಡದ್ದು. ಅವನು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಅದು ನನ್ನ ಪಾಲಿಗೆ ಬಂತು. ನಮ್ಮ ಸ್ವಸಹಾಯ ಸಂಘದ ಉಳಿತಾಯ, ಸಾಲದ ಲೆಕ್ಕವೆಲ್ಲ ಅದರಲ್ಲೇ. ಹೋದ ಬೇಸಿಗೆಯಲ್ಲಿ ಅದಕ್ಕೊಂದು ಚಾಳಿ ಶುರುವಾಯಿತು. ಲೆಕ್ಕ ಬರೆಯುತ್ತಾ ಕೂತಿದ್ದಂತೆಯೇ ಟಪ್ಪೆಂದು ಆರಿಹೋಗುವುದು! ಒಮ್ಮೆಯಂತೂ 12 ಮಂದಿಯ ಕಂತಿನ ಲೆಕ್ಕ ಮಾಯ. ಮರುದಿನವೇ ಬ್ಯಾಂಕಿಗೆ ಕೊಡಬೇಕು. ರಾತ್ರಿಯೆಲ್ಲ ಕೂತು ಕೈಯಲ್ಲೇ ಬರೆದೆ.

"ಕರೆಂಟೇ ಸರಿ ಇಲ್ಲ ಕಣೇ" ಅಂದರು ನಮ್ಮವರು. "ಯಾರದೋ ದೃಷ್ಟಿ ತಾಗಿದೆ" ಅಂದರು ಅತ್ತೆ. ರಿಪೇರಿ ಅಂಗಡಿಯ ಹುಡುಗ ಬಿಚ್ಚಿಯೂ ನೋಡದೆ, "ಮದರ್‌ಬೋರ್ಡ್ ಹೋಗಿದೆ ಆಂಟಿ, ಹೊಸದೇ ತಗೊಂಡುಬಿಡಿ" ಅಂದ. ಹಬ್ಬಕ್ಕೆಂದು ಕೂಡಿಟ್ಟ ದುಡ್ಡು ಕಣ್ಣ ಮುಂದೆ ಬಂತು. ದುಡ್ಡು ಬಿಚ್ಚುವ ಮೊದಲು ನಾನೇ ಒಂದು ಕೈ ನೋಡೋಣವೆನಿಸಿತು.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ಅದು ಎಷ್ಟು ಹೊತ್ತಿಗೆ ಆರಿತು, ಎಷ್ಟು ಹೊತ್ತು ನಡೆದಿತ್ತು ಎಂದು ಗುರುತು ಹಾಕತೊಡಗಿದೆ. ವಾರದಲ್ಲಿ ಗುಟ್ಟು ಬಯಲಾಯಿತು. ಬೆಳಗಿನ ತಂಪಿನಲ್ಲಿ ಒಂದು ಗಂಟೆ ನಡೆಯುತ್ತಿತ್ತು. ಮಧ್ಯಾಹ್ನ 20 ನಿಮಿಷಕ್ಕೇ ಸುಸ್ತು. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಮತ್ತೆ ಸರಿ. ಅದು ಆರಿದಾಗ ಮನೆಯ ದೀಪ ಮಿಣುಕುತ್ತಲೂ ಇರಲಿಲ್ಲ. ಬೇರೆ ಪ್ಲಗ್ಗಿಗೆ ಹಾಕಿದರೂ ಅದೇ ಕಥೆ. ಅಂದಮೇಲೆ ತಪ್ಪು ಕರೆಂಟಿನದಲ್ಲ, ಬಿಸಿಯದು!

ಪೆಟ್ಟಿಗೆಯ ಹಿಂದೆ ಕೈಯಿಟ್ಟರೆ ದೋಸೆ ಹಂಚಿನ ಝಳ. ಧೂಳು ಕೂರದಿರಲೆಂದು ನಾನೇ ಅಕ್ಕರೆಯಿಂದ ಕಸೂತಿ ಹಾಕಿ ಹೊಲಿದಿದ್ದ ಗವಸು, ಗಾಳಿಯ ಕಿಂಡಿಯನ್ನೇ ಮುಚ್ಚಿತ್ತು! ಒಳಗೆ ನೋಡಿದರೆ ಹತ್ತಿಯಂತೆ ಧೂಳು.

ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಕೆಲಸ ಮಾಡುವಾಗ ಬಿಸಿಯೇರುತ್ತದೆ. ಅದರ ಮೇಲಿನ ಲೋಹದ ಹಲ್ಲುಗಳು ಆ ಬಿಸಿಯನ್ನು ಹೀರಿಕೊಳ್ಳುತ್ತವೆ, ಪುಟ್ಟ ಫ್ಯಾನು ಹೊರದೂಡುತ್ತದೆ. ಧೂಳು ತುಂಬಿದರೆ ಬಿಸಿ ಒಳಗೇ ಉಳಿಯುತ್ತದೆ. ಬಹಳಷ್ಟು ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಮೊದಲು ನಿಧಾನವಾಗುತ್ತವೆ; ಆಗಲೂ ತಣಿಯದಿದ್ದರೆ, ಸುಟ್ಟುಹೋಗದಿರಲೆಂದು ಕಂಪ್ಯೂಟರ್ ತಾನೇ ಆರುತ್ತದೆ. ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ.

ನೆನಪಿರಲಿ:

* ಪ್ಲಗ್ ಕಿತ್ತು, ತಣಿದ ಮೇಲೆಯೇ ಬಿಚ್ಚಿ. ಒಣಗಿದ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿಯಿರಿ. ಒದ್ದೆ ಬಟ್ಟೆ ಬೇಡವೇ ಬೇಡ.

* ಕರೆಂಟು ಒಳಬರುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ.

* ಕಿಂಡಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗವಿರಲಿ.

* ಮಿಕ್ಸಿ, ಪಂಪು ಹಾಕಿದಾಗಲೇ ಆರಿದರೆ ವೈರಿಂಗ್ ಅಥವಾ ವೋಲ್ಟೇಜ್ ದೋಷವಿರಬಹುದು; ಎಲೆಕ್ಟ್ರಿಷಿಯನ್ನನ್ನು ಕರೆಸಿ.

* ಪ್ರತಿಸಲವೂ ತಾರೀಕು ತಪ್ಪು ತೋರಿಸಿದರೆ, ಒಳಗಿನ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ತೀರಿರಬಹುದು.

* ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಉಪ್ಪು, ಹುಳಿ ಒಟ್ಟಿಗೇ ಸುರಿದರೆ ಸಾರು ಯಾವುದರಿಂದ ಕೆಟ್ಟಿತೆಂದು ತಿಳಿಯುವುದೇ?

* ಲೆಕ್ಕಪತ್ರದ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿರಲಿ.

ನನಗೆ ಆದ ಖರ್ಚು ಒಂದು ಬ್ರಷ್ಷಿನದು ಅಷ್ಟೆ. ಸಂಘದ ಲೆಕ್ಕ ಈಗ ಸರಾಗ. ಆ ಗವಸು? ಹೊಲಿಗೆ ಮಿಷನ್ನಿನ ಮೇಲೆ ಚೆನ್ನಾಗಿ ಒಪ್ಪಿದೆ!