ಅಧಿವೇಶನದ ಪ್ರಥಮ ದಿನ
ಒಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರವನ್ನೂ ಮತ್ತೊಂದರಲ್ಲಿ ಗುರುಪುರ ನದಿಯನ್ನೂ ಇರಿಸಿಕೊಂಡು ನೀಳವಾಗಿ ಚಾಚಿರುವ ಬೆಂಗ್ರೆಯಿಂದ ದೋಣಿಯೇರಿ ಮಂಗಳೂರಿನ ಧಕ್ಕೆಗೆ ಬರುವ ಮೀನುಗಾರನಿಗೆ, ತಿಂಗಳ ಸಂಬಳಕ್ಕಿಂತ ಹಿಡಿದ ಮೀನಿನ ಬೆಲೆಯಲ್ಲಿ ದೊರೆಯುವ ಪಾಲೇ ಬಹುಮಟ್ಟಿಗೆ ಜೀವನಾಧಾರವಾಗಿರುವುದರಿಂದ, ಬಲೆ ಬರಿದಾದ ದಿನದ ನಷ್ಟದಲ್ಲಿಯೂ ಅವನು ಪಾಲುಗಾರನೇ ಸರಿ. ಇಂಥವನಿಗೆ ದೂರದ ನಗರದಲ್ಲಿ ನೆರೆಯುವ ಕಾರ್ಮಿಕ ಮಹಾಧಿವೇಶನದಿಂದ ಆಗಬೇಕಾದುದೇನು?

ಉತ್ತರಕ್ಕಾಗಿ ತುಸು ಹಿಂದಕ್ಕೆ ನೋಡಬೇಕು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಪ್ರಥಮವಾಗಿ ನೆರೆದಾಗ ಭಾರತೀಯ ಕಾರ್ಮಿಕರ ಪ್ರತಿನಿಧಿಯಾಗಿ ಎನ್. ಎಂ. ಜೋಶಿಯವರನ್ನು ಸರಕಾರವೇ ನೇಮಿಸಿತ್ತು. ಜೋಶಿಯವರ ಯೋಗ್ಯತೆ ನಿರ್ವಿವಾದವಾದರೂ, ತನ್ನ ಪ್ರತಿನಿಧಿಯನ್ನು ತಾನೇ ಆರಿಸುವ ಹಕ್ಕು ಶ್ರಮಿಕನಿಗಿರಬೇಕೆಂಬ ಆಗ್ರಹವು ಬಲಗೊಂಡು, 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ (ಎ.ಐ.ಟಿ.ಯು.ಸಿ.) ಪ್ರಥಮ ಅಧಿವೇಶನವು ಆರಂಭವಾಯಿತು. ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ದೊರೆತದ್ದು 1926ರಲ್ಲಿ!

ಶತಮಾನ ಕಳೆದು, 2023ರ ಜನವರಿ 18ರಂದು ಮತ್ತೊಂದು ಕಾರ್ಮಿಕ ಸಂಘಟನೆಯಾದ ಸಿ.ಐ.ಟಿ.ಯು.ವಿನ 17ನೆಯ ಅಖಿಲ ಭಾರತ ಸಮ್ಮೇಳನವು ಬೆಂಗಳೂರಿನಲ್ಲಿ ಪ್ರಾರಂಭವಾಯಿತು. ಧ್ವಜಾರೋಹಣ, ಹುತಾತ್ಮರಿಗೆ ಗೌರವ, ಅಧ್ಯಕ್ಷೀಯ ಭಾಷಣ — ಇಂತಹ ಸಮ್ಮೇಳನಗಳ ಮೊದಲ ದಿನದ ಕ್ರಮ ಬಹುತೇಕ ಇದೇ. ಭಾಷಣಗಳು ತುಸು ದೀರ್ಘವೂ ಹೌದು. ವರದಿಯ ಮೇಲಿನ ಚರ್ಚೆಯಲ್ಲಿ ಪ್ರತಿನಿಧಿಗಳು ಎದ್ದು ಮಾತನಾಡತೊಡಗಿದಾಗಲೇ ನಿಜವಾದ ಕಾರ್ಯ ಮೊದಲಾಗುವುದು. ಪಾಲಿನ ಲೆಕ್ಕದ ದುಡಿಮೆಗೆ ಕನಿಷ್ಠ ವೇತನವನ್ನೂ ವಿಮೆಯನ್ನೂ ಅನ್ವಯಿಸುವ ಬಗೆಯೆಂತೆಂದು ಅಲ್ಲಿ ಕೇಳಬೇಕಾದವನು, ನನ್ನ ಮತದಲ್ಲಿ, ಧಕ್ಕೆಯ ದುಡಿಮೆಗಾರನೇ.