ಓದು ಒಲಿಸುವ ಕಸುಬು

ಒಮ್ಮೆ ಕೇಳಿದ ಕಥೆಯನ್ನು ಒಂದು ತಿರುವೂ ತಪ್ಪದಂತೆ ಮರಳಿ ಹೇಳುವ ಮಗು, ಅದೇ ಕಥೆ ಅಚ್ಚಾಗಿರುವ ಪುಟದ ಮುಂದೆ ಕೂತಾಗ ತಡವರಿಸುತ್ತದೆ. ಕಣ್ಣು, ಕಿವಿ ಸರಿಯಿವೆ, ಬುದ್ಧಿ ಚುರುಕಾಗಿದೆ. ಆದರೂ ಮನೆಯಲ್ಲಿ ಸೋಮಾರಿ ಎನಿಸಿಕೊಳ್ಳುತ್ತದೆ, ಶಾಲೆಯಲ್ಲಿ ದಡ್ಡ ಎನಿಸಿಕೊಳ್ಳುತ್ತದೆ. ಡಿಸ್‌ಲೆಕ್ಸಿಯಾ ಇರುವ ಇಂಥ ಮಕ್ಕಳಿಗೆ ಓದು ಕಲಿಸುವುದನ್ನೇ ಕಸುಬಾಗಿಸಿಕೊಂಡ ಶಿಕ್ಷಕರಿದ್ದಾರೆ. ಸ್ಪೆಷಲ್ ಎಜುಕೇಟರ್, ರೆಮಿಡಿಯಲ್ ಟೀಚರ್ ಎಂದೆಲ್ಲ ಅವರಿಗೆ ಹೆಸರು. ಮಕ್ಕಳಿಗೆ ಅವರು ಬರೀ ‘ಮಿಸ್’. ಸಾಮಾನ್ಯ ಟ್ಯೂಷನ್ನಿನಲ್ಲಿ ಶಾಲೆಯ ಪಾಠವನ್ನೇ ಇನ್ನೊಮ್ಮೆ ಹೇಳಿಕೊಡುತ್ತಾರೆ. ಆದರೆ ಈ ಮಿಸ್‌ಗಳು ಪಠ್ಯಪುಸ್ತಕವನ್ನು ಬದಿಗಿಟ್ಟು, ಓದು ಎಲ್ಲಿ ಮುರಿಯುತ್ತಿದೆ ಎಂದು ಹುಡುಕುವುದರಿಂದ ಶುರುಮಾಡುತ್ತಾರೆ.

ಇದಕ್ಕೆ ಒಂದು ಪರಂಪರೆಯಿದೆ. ಅಮೆರಿಕದ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1925ರಲ್ಲಿ ಇಂಥ ಮಕ್ಕಳ ಬಗ್ಗೆ ಬರೆದರು. ಮುಂದೆ ಅವರ ವಿಚಾರಗಳನ್ನು ಪಾಠಕ್ರಮವಾಗಿ ಬೆಳೆಸಿದವರು ಆ್ಯನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿ. ಅಕ್ಷರವನ್ನು ಕಣ್ಣಿನಿಂದ ನೋಡಬೇಕು, ಬಾಯಿಂದ ನುಡಿಯಬೇಕು, ಕಿವಿಯಿಂದ ಕೇಳಬೇಕು, ಬೆರಳಿನಿಂದ ತಿದ್ದಬೇಕು, ಅದೂ ಏಕಕಾಲಕ್ಕೆ. ಒಂದು ಗಟ್ಟಿಯಾಗುವ ತನಕ ಮುಂದಿನದಕ್ಕೆ ಕೈಹಾಕುವಂತಿಲ್ಲ. ಮರಳಿನ ತಟ್ಟೆಯ ಮೇಲೆ ಅಕ್ಷರ ತಿದ್ದಿಸುವುದು ಇಂದಿಗೂ ಈ ಪದ್ಧತಿಯಲ್ಲಿದೆ. ನಮ್ಮ ಹಳೆಯ ಐಗಳ ಮಠಗಳಲ್ಲೂ ಮಕ್ಕಳು ಮರಳಿನ ಮೇಲೆ ತಿದ್ದಿಯೇ ಕಲಿತವರು.

ಆದರೆ ಇಂಗ್ಲಿಷಿಗಾಗಿ ರೂಪುಗೊಂಡ ಪಾಠಗಳನ್ನು ಹಾಗೆಯೇ ಎತ್ತಿ ತಂದರೆ ಕನ್ನಡದ ಮಗುವಿಗೆ ಪೂರ್ತಿ ಒದಗುವುದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳು ಇಪ್ಪತ್ತಾರೇ, ಕಾಗುಣಿತದ ಗೊಂದಲ ಮಾತ್ರ ಅಪಾರ. ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ, ಆದರೆ ಕಲಿಯಬೇಕಾದ ರೂಪಗಳು ಬಹಳ. 34 ವ್ಯಂಜನಗಳಿಗೆ ಗುಣಿತ ಹಚ್ಚಿದರೆ ನಾನೂರು ದಾಟುತ್ತದೆ, ಒತ್ತಕ್ಷರಗಳು ಬೇರೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕನೇ ತರಗತಿಯಲ್ಲೂ ಅಕ್ಷರಜ್ಞಾನ ಇನ್ನೂ ಬೆಳೆಯುತ್ತಲೇ ಇರುವುದು ಕಂಡುಬಂತು. ಸಾಮಾನ್ಯ ಮಕ್ಕಳಿಗೇ ಇಷ್ಟು ಕಾಲ ಬೇಕೆಂದರೆ, ಒಂದನೇ ತರಗತಿ ಮುಗಿಯುವುದರೊಳಗೆ ಓದಲಿಲ್ಲವೆಂದು ಮಗುವನ್ನು ಗದರಿಸುವುದು ಎಂಥ ಅನ್ಯಾಯ!

ಕನ್ನಡ ಕಲಿಸುವ ಮಿಸ್ ಸಾಮಾನ್ಯವಾಗಿ ಅ, ಆ, ಇ, ಈ ಸಾಲಿನಿಂದ ಹೊರಡುವುದಿಲ್ಲ. ನಲಿ-ಕಲಿ ತರಗತಿಗಳಲ್ಲಿ ನಮಗೆ ಪರಿಚಿತವಾದ ‘ರ, ಗ, ಸ, ದ, ಅ’ ಕ್ರಮ ಇಲ್ಲಿ ಬಹಳ ಉಪಯುಕ್ತ. ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ದಸರ ಎಂದು ಮಗು ಪದಗಳನ್ನು ಓದಬಲ್ಲದು. ಎಂದೂ ಪೂರ್ತಿ ಪದ ಓದದೆ ಮೂರನೇ ತರಗತಿಗೆ ಬಂದ ಮಗುವಿಗೆ ಆ ‘ಅರಸ’ ಸಣ್ಣ ಗೆಲುವಲ್ಲ. ಜೊತೆಗೆ ಬಾಯಿ ಆಟಗಳೂ ನಡೆಯುತ್ತವೆ: ‘ಅರಸ’ದಲ್ಲಿ ‘ಅ’ ತೆಗೆದರೆ ಏನುಳಿಯಿತು? ‘ರಸ’. ಒಂದೇ ಏಟಿಗೆ ಕೇಳಿಬರುವ ‘ಗಿ’ಯೊಳಗೆ ಎರಡು ಸದ್ದುಗಳಿವೆ ಎಂದು ಕಿವಿಗೆ ಹೊಳೆಯುವುದು ತಡವಾಗಿ. ಅಲ್ಲಿಯವರೆಗೆ ಗುಣಿತವೆಲ್ಲ ಬರೀ ಬಾಯಿಪಾಠ.

ತೊಡಕು ಹೆಚ್ಚುವುದು ಗುಣಿತ ಮತ್ತು ಒತ್ತಿನಲ್ಲಿ. ದ-ಧ, ಪ-ಷ, ವ-ಮ ಇವುಗಳ ನಡುವೆ ಒಂದು ಗೆರೆಯಷ್ಟೇ ಅಂತರ. ಇಳಿ, ಗುಡಿಸು, ಕೊಂಬು ಒಂದೊಂದೂ ಒಂದೊಂದು ಕಡೆ ಅಂಟಿಕೊಳ್ಳುತ್ತವೆ. ‘ಭಕ್ತಿ’ ಎಂಬ ಪದವನ್ನೇ ನೋಡಿ. ಗುಡಿಸು ಕೂತಿರುವುದು ಕಕಾರದ ತಲೆಯ ಮೇಲೆ, ಅದರ ಸದ್ದು ಕೇಳುವುದು ಕೆಳಗಿನ ತಕಾರದ ನಂತರ. ಕಣ್ಣು ಕಂಡ ಕ್ರಮದಲ್ಲಿ ಓದಿದ ಮಗು ‘ಭಕಿತ’ ಎನ್ನುತ್ತದೆ. ಮಗು ಎಡವಿದ್ದು ಲಿಪಿ ಬಾಗಿದ ಜಾಗದಲ್ಲೇ, ಅದರಲ್ಲಿ ಅಜಾಗರೂಕತೆ ಏನೂ ಇಲ್ಲ. ಅರ್ಕಾವೊತ್ತು ಇನ್ನೊಂದು ಬಗೆಯ ಪರೀಕ್ಷೆ. ಅದನ್ನು ಬರೆಯುವುದು ಅಕ್ಷರದ ನಂತರ, ಓದುವುದು ಅದಕ್ಕೂ ಮೊದಲು. ಒಳ್ಳೆಯ ಮಿಸ್ ಇಲ್ಲಿ ತಪ್ಪಿಗೆ ಕೆಂಪು ಗೀಟು ಎಳೆಯುವುದಿಲ್ಲ. ಒತ್ತನ್ನು ಬೇರೆ ಬಣ್ಣದಲ್ಲಿ ಬರೆದು, ಪದವನ್ನು ಬಿಡಿಸಿ, ‘ಭ, ಕ್, ತಿ’ ಎಂದು ಬೆರಳಿಟ್ಟು ಹೇಳಿಸಿ, ಮತ್ತೆ ಕೂಡಿಸುತ್ತಾರೆ. ಅದೇ ಒತ್ತು ಇರುವ ಹತ್ತಾರು ಪದಗಳು, ಅದೇ ವಾರ, ಮತ್ತೆ ಮತ್ತೆ.

ಮಕ್ಕಳು ಜಾಣರಾದ್ದರಿಂದ ಪುಟವನ್ನೇ ಬಾಯಿಪಾಠ ಮಾಡಿಬಿಡುತ್ತಾರೆ. ಚಿತ್ರ ನೋಡಿ ಊಹಿಸುತ್ತಾರೆ, ಮೊದಲ ಅಕ್ಷರ ಹಿಡಿದು ಉಳಿದದ್ದನ್ನು ಕಟ್ಟಿಕೊಳ್ಳುತ್ತಾರೆ. ಅದಕ್ಕೇ ಅರ್ಥವಿಲ್ಲದ ಪದಗಳನ್ನು ಕೊಟ್ಟು ನೋಡುವ ರೂಢಿ ಬಂದದ್ದು. ‘ಗಾಮುರಿ’ ಎಂದು ಓದಬಲ್ಲ ಮಗು ನಿಜಕ್ಕೂ ಓದುತ್ತಿದೆ. ಇನ್ನೊಂದು ವಿಷಯವನ್ನು ಕನ್ನಡದ ಪೋಷಕರು ತಿಳಿದಿರಬೇಕು. ಬರೆದಂತೆ ಓದುವ ಭಾಷೆಗಳಲ್ಲಿ ಡಿಸ್‌ಲೆಕ್ಸಿಯಾ ಬಹಳ ಸಲ ಓದಿನ ತಪ್ಪುಗಳಾಗಿ ಕಾಣಿಸದೆ ಓದಿನ ನಿಧಾನಗತಿಯಾಗಿ ಕಾಣಿಸುತ್ತದೆ. ಎಲ್ಲ ಸರಿಯಾಗಿ ಓದಿಯೂ ಒಂದು ಪ್ಯಾರಾ ಮುಗಿಸಲು ಹೆಣಗುವ, ಮುಗಿಸುವಷ್ಟರಲ್ಲಿ ಮೊದಲ ಸಾಲಿನ ಅರ್ಥವನ್ನೇ ಕಳೆದುಕೊಳ್ಳುವ ಮಗುವಿಗೂ ನೆರವು ಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಸಿಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಮಾಲಿಕೆ ದೇಶದ ಹಲವೆಡೆ ಬಳಕೆಯಲ್ಲಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಓದಿನ ಬಗ್ಗೆಯೇ ದಶಕಗಳಿಂದ ಕೆಲಸ ನಡೆದಿದೆ. ಪ್ರಮಾಣಪತ್ರಕ್ಕೆ ಎಂಟು ವರ್ಷ ತುಂಬುವ ತನಕ ಕಾಯಬೇಕಾಗಬಹುದು. ಕಲಿಸಲು ಕಾಯಬೇಕಾಗಿಲ್ಲ, ಆರನೇ ವಯಸ್ಸಿನಲ್ಲೇ ಬಾಯಿ ಆಟಗಳನ್ನು ಶುರುಮಾಡಬಹುದು.

ನನ್ನ ಮಟ್ಟಿಗೆ ದೊಡ್ಡ ಕೊರತೆಯೆಂದರೆ ಓದಲು ಕೊಡುವ ಪುಸ್ತಕಗಳದ್ದು. ಹತ್ತು ವರ್ಷದ ಹುಡುಗನಿಗೆ ಅವನ ವಯಸ್ಸಿಗೆ ತಕ್ಕ ಕಥೆ ಬೇಕು, ಆದರೆ ಒತ್ತಕ್ಷರವಿಲ್ಲದೆ. ಬರೆದು ನೋಡಿದರೆ ಅದರ ಕಷ್ಟ ಗೊತ್ತಾಗುತ್ತದೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ ಎಲ್ಲರಿಗೂ ಒತ್ತು ಇದೆ. ಅನ್ನಕ್ಕೂ ಬೆಕ್ಕಿಗೂ ಇದೆ. ಹೋಗುತ್ತಾನೆ, ಬರುತ್ತಾಳೆ ಎನ್ನುವಂತಿಲ್ಲ. ಹಾಗಾಗಿ ಈ ಮಕ್ಕಳಿಗೆಂದು ಕೈಯಾರೆ ಕಥೆ ಬರೆಯಲು ಕೂತವರು ತಾತ, ಮಾವ, ಇಲಿ, ಆನೆಗಳನ್ನೇ ಕರೆತರಬೇಕು, ಕಥೆಯೆಲ್ಲ ಭೂತಕಾಲದಲ್ಲೇ ನಡೆಯಬೇಕು: ‘ಮಳೆ ಸುರಿಯಿತು. ಮಾವನ ಕೊಡೆ ಗಾಳಿಗೆ ಹಾರಿತು. ಆನೆ ಅದನು ಹಿಡಿಯಿತು.’ ಇಂಥ ಕಥೆಗಳು ಪ್ರತಿ ಶಾಲೆಯ ಕಪಾಟಿನಲ್ಲಿರಬೇಕು. ನಮ್ಮ ಮಕ್ಕಳ ಸಾಹಿತಿಗಳು ಈ ಕೆಲಸಕ್ಕೆ ಕೈಹಾಕಲಿ.