ಚಿತ್ರಫಲಕದ ಡೊಂಕು: ಕಾರಣ ಮತ್ತು ನಿವಾರಣೆ

ಭಿತ್ತಿಯಿದ್ದರೆ ಚಿತ್ರವೆಂಬುದು ಸಂಸ್ಕೃತದ ಪ್ರಸಿದ್ಧ ನ್ಯಾಯ. ವರ್ಣವಿನ್ಯಾಸವು ಎಷ್ಟೇ ಮನೋಹರವಾಗಿದ್ದರೂ ಅದನ್ನು ಹೊತ್ತ ಆಧಾರವು ಡೊಂಕಾದರೆ ಚಿತ್ರಕ್ಕೆ ಆಯುಸ್ಸಿಲ್ಲ. ರಟ್ಟಿಗೆ ಬಟ್ಟೆಯನ್ನು ಅಂಟಿಸಿ, ಮೇಲೆ ಜೆಸ್ಸೊ ಎಂಬ ಬಿಳಿಯ ಲೇಪವನ್ನು ಬಳಿದ ಕ್ಯಾನ್ವಾಸ್ ಫಲಕಗಳು ಮಳೆಗಾಲದಲ್ಲಿ ಬಾಗುವುದನ್ನು ಚಿತ್ರಕಲೆಯ ಅಧ್ಯಾಪಕರು ಬಲ್ಲರು. ಇದರ ಕಾರಣವನ್ನೂ ನಿವಾರಣೋಪಾಯವನ್ನೂ ಸಂಗ್ರಹವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ರಟ್ಟು, ಬಟ್ಟೆ, ಮರ ಇವೆಲ್ಲವೂ ಸಸ್ಯದ ನಾರಿನಿಂದಾದವು. ನಾರು ತೇವವನ್ನು ಹೀರಿದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಎರಡು ಮೈಗಳೂ ಸಮವಾಗಿ ಹಿಗ್ಗಿ ಕುಗ್ಗಿದರೆ ಫಲಕವು ನೆಟ್ಟಗಿರುತ್ತದೆ. ಆದರೆ ಮುಂಬದಿಗೆ ಲೇಪದ ಕವಚವಿದ್ದು ಹಿಂಬದಿಯು ಬರಿದಾಗಿರುವಲ್ಲಿ ಈ ಸಮತೆ ತಪ್ಪುತ್ತದೆ. ಮಳೆಗಾಲದಲ್ಲಿ ಹಿಂಬದಿಯು ಹಿಗ್ಗಿ ಮುಂಬದಿಯು ತಗ್ಗಾಗುತ್ತದೆ. ಬೇಸಗೆಯಲ್ಲಿ ಹಿಂಬದಿಯು ಕುಗ್ಗಿ ಮುಂಬದಿಯು ಉಬ್ಬುತ್ತದೆ. ಲೇಪವು ಆರುವಾಗ ತಾನೇ ಸಂಕುಚಿತವಾಗಿ ಫಲಕವನ್ನು ತನ್ನೆಡೆಗೆ ಸೆಳೆಯುವುದೂ ಉಂಟು.

ಲೋಕವಿಖ್ಯಾತ ಚಿತ್ರಗಳೂ ಈ ನಿಯಮಕ್ಕೆ ಹೊರತಲ್ಲ. ಲಿಯೊನಾರ್ಡೊ ಡ ವಿಂಚಿಯ ಮೋನಾ ಲೀಸಾ ಚಿತ್ರವು ಪಾಪ್ಲರ್ ಮರದ ಹಲಗೆಯ ಮೇಲಿದೆ. ಆ ಹಲಗೆಯು ಮುಂದಕ್ಕೆ ಉಬ್ಬಿದೆ; ಅದರ ಮೇಲಂಚಿನಿಂದ ಇಳಿದ ಬಿರುಕೊಂದನ್ನು ಹಿಂಬದಿಯಲ್ಲಿ ಮರದ ಬಂಧ ಕೂಡಿಸಿ ತಡೆದಿದ್ದಾರೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಅದನ್ನು ತೇವ ಉಷ್ಣಗಳು ಹತೋಟಿಯಲ್ಲಿರುವ ಗಾಜಿನ ಸಂಪುಟದಲ್ಲಿ ಇರಿಸಲಾಗಿದೆ. ಹಿಂದೆ ಯೂರೋಪಿನಲ್ಲಿ ಇಂಥ ಹಲಗೆಗಳನ್ನು ಪಟ್ಟಿಗಳ ಜಾಲದಿಂದ ಬಿಗಿಯುತ್ತಿದ್ದರು. ಚಲಿಸಲು ಎಡೆಯಿಲ್ಲದೆ ಅನೇಕ ಹಲಗೆಗಳು ಸೀಳಿದವು. ಡೊಂಕನ್ನು ಬಲಾತ್ಕಾರದಿಂದ ತಿದ್ದಬಾರದೆಂಬುದೇ ಇದರ ಪಾಠ.

ನಿವಾರಣೆಗಿಂತ ಮುನ್ನೆಚ್ಚರಿಕೆ ಲೇಸು. ಮುಂಬದಿಗೆ ಎಷ್ಟು ಲೇಪವೋ ಹಿಂಬದಿಗೂ ಅಂಚುಗಳಿಗೂ ಅಷ್ಟೇ ಲೇಪವಿರಲಿ. ದಪ್ಪನಾಗಿ ಒಮ್ಮೆಗೇ ಬಳಿಯದೆ, ತೆಳುವಾಗಿ, ಒಂದು ಆರಿದ ಮೇಲೆ ಇನ್ನೊಂದರಂತೆ ಬಳಿಯಬೇಕು. ದೊಡ್ಡ ಚಿತ್ರಕ್ಕೆ ರಟ್ಟು ಸಾಲದು; ದಪ್ಪ ಪ್ಲೈವುಡ್ ಹಲಗೆ ಬೇಕು. ಫಲಕಗಳನ್ನು ಗೋಡೆಗೆ ಓರೆಯಾಗಿ ಒರಗಿಸದೆ ಸಮತಲದಲ್ಲಿ ಇಡಬೇಕು.

ಈಗಾಗಲೇ ಬಾಗಿದ, ಚಿತ್ರ ಬರೆಯದ ಫಲಕವನ್ನು ಹೀಗೆ ಸರಿಪಡಿಸಬಹುದು. ಮುಂಬದಿ ತಗ್ಗಾಗಿದ್ದರೆ ಹಿಂಬದಿಗೆ ಅದೇ ಲೇಪವನ್ನು ಬಳಿದು ಆರಿಸಬೇಕು. ಅದು ಕುಗ್ಗುತ್ತ ಫಲಕವನ್ನು ಹಿಂದಕ್ಕೆ ಸೆಳೆಯುತ್ತದೆ. ಮುಂಬದಿ ಉಬ್ಬಿದ್ದರೆ ಬರಿದಾದ ಹಿಂಬದಿಯನ್ನು ಒದ್ದೆ ಬಟ್ಟೆಯಿಂದ ಹದವಾಗಿ ಒರಸಿ, ಮುಖ ಕೆಳಗಾಗಿ ಮೇಜಿನ ಮೇಲಿಟ್ಟು, ಸಮನಾಗಿ ಭಾರ ಹೇರಿ, ಪೂರ್ಣ ಆರುವವರೆಗೆ ಬಿಡಬೇಕು. ತೈಲವರ್ಣವು ಒಳಗಿನವರೆಗೆ ಒಣಗಲು ತಿಂಗಳುಗಳೇ ಬೇಕು. ಅಂಥ ಚಿತ್ರದ ಮೇಲೆ ಭಾರ ಹೇರುವುದು ಸರ್ವಥಾ ಸಲ್ಲದು.

ವಿದ್ಯಾಸಂಸ್ಥೆಗಳ ಸಭಾಂಗಣಗಳಲ್ಲಿ ಗುರುಹಿರಿಯರ, ದಾನಿಗಳ ಹಳೆಯ ಭಾವಚಿತ್ರಗಳಿರುತ್ತವೆ. ಅವುಗಳ ಚೌಕಟ್ಟಿನ ಹಿಂದೆ ಬಿರಡೆಯ ಚೂರುಗಳನ್ನಿಟ್ಟು ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಲು ಬಿಟ್ಟರೆ ಗೋಡೆಯ ತೇವ ತಾಗದು. ಬಾಗಿದ ಹಳೆಯ ಚಿತ್ರವನ್ನು ಮಾತ್ರ ನಾವು ಮುಟ್ಟದೆ ಸಂರಕ್ಷಣಾ ತಜ್ಞರಿಗೆ ಒಪ್ಪಿಸುವುದೇ ವಿವೇಕ. ಒಮ್ಮೆ ಸೀಳಿದ ಮುಖವನ್ನು ಮತ್ತೆ ಬರೆಯಬಲ್ಲ ಕೈ ಈಗ ಇರಲಾರದು.